ಉಸಿರಾಡುತ್ತಿದ್ದರೆ ಸಾಕೇ, ಸಚೇತಕರೇ?

ಆಳುವ ಪಕ್ಷದ ಮಾನ್ಯ ಮುಖ್ಯ ಸಚೇತಕರೇ,

ಬರುವ ಗುರುವಾರ ನನ್ನ ಗಂಡನನ್ನು ಆಂಬ್ಯುಲೆನ್ಸಿನಲ್ಲಿ ಲಂಡನ್ನಿಗೆ ತರಿಸಿಕೊಳ್ಳಲು ತಾವು ಏರ್ಪಾಡು ಮಾಡಿದ್ದೀರಿ. ದಯವಿಟ್ಟು ತರಿಸಬೇಡಿ. ಇದನ್ನೇ ಖಾಸಗಿಯಾಗಿ ಬರೆದಿದ್ದೆ, ಉತ್ತರವಿಲ್ಲ. ಹೀಗೆ ಬಹಿರಂಗ ಪತ್ರ ಬರೆಯುವಷ್ಟು ಧೈರ್ಯ ನನಗಿಲ್ಲ. ಬರೆಯದೆ ಕೂರುವಷ್ಟು ಧೈರ್ಯ ಅದಕ್ಕಿಂತಲೂ ಕಡಿಮೆ.

ಗ್ಲೆನ್‌ಹೋಮ್ ಕ್ಷೇತ್ರದ ಸಂಸದ ಡೂಗಲ್ ಗಿಲ್‌ಕ್ರಿಸ್ಟ್‌ಗೆ ಎಡಿನ್‌ಬರೋದಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಗಿ ಮೂರು ವಾರವಾಯಿತು. ಮೆಟ್ಟಿಲು ಹತ್ತಕೂಡದು, ಮನಸ್ಸು ಕೆಡಕೂಡದು, ಮನೆ ಬಿಡಕೂಡದು ಎಂದಿದ್ದಾರೆ ವೈದ್ಯರು. ಅಷ್ಟರಲ್ಲಿ ತಮ್ಮ ವಿಪ್ ಬಂತು, ಗುರುವಾರದ ಕೆಳಗೆ ಮೂರು ಗೆರೆ ಎಳೆಸಿಕೊಂಡು. ಒಂದು ಗೆರೆಯಾದರೆ ಬಂದರೆ ಸಂತೋಷ, ಎರಡಾದರೆ ಬರಬೇಕು, ಮೂರಾದರೆ ಬಾರದವನು ನಮ್ಮವನಲ್ಲ. ಮತಕ್ಕೆ ಬರುವುದು ಸಣ್ಣ ರೈಲುಮಾರ್ಗಗಳನ್ನು ಮುಚ್ಚುವ ಮಸೂದೆ. ಮುಚ್ಚುವವುಗಳಲ್ಲಿ ನಮ್ಮೂರಿನದೂ ಒಂದು. ವಿರೋಧಿಸುತ್ತೇನೆಂದು ಡೂಗಲ್ ಊರಿನ ಸಭೆಯಲ್ಲಿ ಮಾತು ಕೊಟ್ಟಿದ್ದ. ತಾವು ಅದನ್ನು ವಿಶ್ವಾಸದ ಪ್ರಶ್ನೆ ಮಾಡಿದಿರಿ. ಅವನ ಎದೆ ಹೊಲಿದವರು ವೈದ್ಯರು, ಬಾಯಿ ಹೊಲಿದವರು ತಾವು.

ಹೋದ ವಾರದವರೆಗೆ ನನಗೊಂದು ನೆಮ್ಮದಿಯಿತ್ತು. ಕಾರ್ನ್‌ವಾಲಿನ ವಿರೋಧ ಪಕ್ಷದ ಸದಸ್ಯರೊಬ್ಬರು ಸೊಂಟ ಮುರಿದುಕೊಂಡು ಮಲಗಿದ್ದಾರೆ. ಅವರನ್ನೂ ಇವನನ್ನೂ ಜೋಡಿ ಮಾಡಿದ್ದಿರಿ: ಅವರೂ ಬರುವುದಿಲ್ಲ, ಇವನೂ ಬರುವುದಿಲ್ಲ, ಲೆಕ್ಕ ಸರಿ. ಆ ಒಪ್ಪಂದ ಈಗ ಮುರಿದಿದೆ. ವಿರೋಧ ಪಕ್ಷದವರೇ ಮೊದಲು ಮುರಿದರೆಂದು ತಾವು, ತಾವೇ ಮೊದಲು ಮುರಿದಿರೆಂದು ಅವರು. ಹೀಗಾಗಿ ಗುರುವಾರ ಸಂಸತ್ತಿನ ಅಂಗಳದಲ್ಲಿ ಎರಡು ಆಂಬ್ಯುಲೆನ್ಸ್ ಅಕ್ಕಪಕ್ಕ ನಿಲ್ಲುತ್ತವೆ. ಎರಡೂ ಕಡೆಯ ಸಚೇತಕರು ಕಿಟಕಿಯಲ್ಲಿ ಇಣುಕುತ್ತಾರೆ. ಒಳಗಿನವನು ಉಸಿರಾಡುತ್ತಿದ್ದರೆ ತಲೆಯಾಡಿಸುತ್ತಾರೆ, ಅವನ ಮತ ಬಿದ್ದಂತೆ. ಒಂದರಲ್ಲಿ ಒಂದು ಕಳೆದರೆ ಸೊನ್ನೆ. ಆ ಸೊನ್ನೆಗಾಗಿ ಇಬ್ಬರು ರೋಗಿಗಳು ದೇಶದ ಎರಡು ತುದಿಯಿಂದ ಹೊರಡಬೇಕೇ?

ತಮ್ಮ ಉಪ ಸಚೇತಕರು ಫೋನಿನಲ್ಲಿ ಬಹಳ ಮೃದುವಾಗಿ ಮಾತಾಡಿದರು. ಡೂಗಲ್ ಸುಮ್ಮನೆ ಮಲಗಿದ್ದರೆ ಸಾಕಂತೆ. ದಾರಿಯಲ್ಲಿ ಏನಾದರೂ ಆದರೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು: “ಅಂಗಳದೊಳಕ್ಕೆ ಬರೋವರೆಗೂ ಏನೂ ಆಗ್ಬಾರದು, ಮೇಡಂ.”

 

ಡೂಗಲ್‌ನ ತಮ್ಮ ರೋರಿ ಅಮೆರಿಕದ ಓಹಾಯೋದಲ್ಲಿದ್ದಾನೆ. ಟ್ರಂಕ್ ಕಾಲ್ ಮಾಡಿದವನಿಗೆ ಈ ಕಥೆ ಹೇಳಿದರೆ ತಮಾಷೆ ಮಾಡುತ್ತಿದ್ದೇನೆಂದುಕೊಂಡ. “ನಮ್ಮ ಪ್ರತಿನಿಧಿ ಹೋದ ತಿಂಗಳು ತನ್ನ ಪಕ್ಷದವರೇ ಆದ ದೇಶದ ಅಧ್ಯಕ್ಷರು ಬೇಕೆಂದ ಮಸೂದೆಗೇ ವಿರುದ್ಧ ಮತ ಹಾಕ್ದ, ಅತ್ತಿಗೆ. ಮಾರನೇ ದಿನ ಅಧ್ಯಕ್ಷರೂ ಅಲ್ಲೇ ಇದ್ರು, ಇವನೂ ಇಲ್ಲೇ ಇದ್ದ” ಎಂದ.

ಅವರಿಗೆ ಅದು ಸಾಧ್ಯ. ಅಲ್ಲಿ ಅಧ್ಯಕ್ಷರನ್ನು ಜನ ಬೇರೆಯಾಗಿ ಆರಿಸುತ್ತಾರೆ. ಮಸೂದೆ ಬಿದ್ದರೆ ಮಸೂದೆಯಷ್ಟೇ ಬೀಳುತ್ತದೆ. ಇಲ್ಲಿ ಸರ್ಕಾರ ನಿಂತಿರುವುದೇ ಸದನದ ಕೈಗಳ ಮೇಲೆ. ವಿಶ್ವಾಸದ ಮತದಲ್ಲಿ ಒಂದು ಕೈ ತಪ್ಪಿದರೂ ಮಂತ್ರಿಮಂಡಲ ಕುಸಿದೀತು, ಚುನಾವಣೆ ಬಂದೀತು. ಅಲ್ಲಿ ಮುಂದಿನ ಬಾರಿಯ ಅಭ್ಯರ್ಥಿ ಯಾರೆಂದು ಪಕ್ಷದ ಮತದಾರರು ಊರಲ್ಲೇ ಮತ ಹಾಕಿ ತೀರ್ಮಾನಿಸುತ್ತಾರೆ. ಇಲ್ಲಿ ತಾವು ಹೊರಗೆ ಹಾಕಿದವನಿಗೆ ಪಕ್ಷದ ಹೆಸರೂ ಇಲ್ಲ, ಉಸಿರೂ ಇಲ್ಲ. ಹಾಗೆಂದು ಅಲ್ಲಿನವರು ನಿರ್ಭಯರಲ್ಲ. ಊರಿನವರು ಮುನಿದರೆ, ಹಣ ಕೊಡುವವರು ಕೈಬಿಟ್ಟರೆ ಗತಿಯೇನೆಂಬ ನಡುಕ ಅವರಿಗೂ ಉಂಟು ಎಂದು ರೋರಿಯೇ ಒಪ್ಪಿದ. ನಮ್ಮ ಪದ್ಧತಿ ಕೆಟ್ಟದ್ದೆಂದು ನಾನೂ ಹೇಳುತ್ತಿಲ್ಲ. ಪಕ್ಷ ಕೊಟ್ಟ ಮಾತು ನಡೆಯಬೇಕಾದರೆ ಶಿಸ್ತು ಬೇಕು. ಆದರೆ ಜೋಡಿಯ ಏರ್ಪಾಡೂ ಇದೇ ಪದ್ಧತಿಯದಲ್ಲವೇ? ಶಿಸ್ತು ಸದಸ್ಯನಿಗೆ ಮಾತ್ರವೇ, ಸಚೇತಕನಿಗಿಲ್ಲವೇ?

ನನ್ನ ದೊಡ್ಡ ಭಯ ತಮ್ಮದಲ್ಲ, ಡೂಗಲ್‌ನದು. ಅವನು ಹೊರಡಲು ಸಿದ್ಧನಾಗಿದ್ದಾನೆ. “ನಾನು ಹೋಗದೆ ಸರ್ಕಾರ ಬಿದ್ರೆ, ಬೀಳಿಸ್ದೋನು ನಾನೇ ಆಗ್ತೀನಿ ಕಣೇ” ಎನ್ನುತ್ತಾನೆ. ನಿನ್ನೆ ಪಟ್ಟೆಪಟ್ಟೆ ಟೈ ತೆಗೆದಿಡಲು ಹೇಳಿದ. ಮಲಗಿಕೊಂಡು ಹೋಗುವವನಿಗೆ ಟೈ ಯಾಕೆಂದು ಕೇಳಿದೆ.

“ಕಿಟಕೀಲಿ ನೋಡ್ತಾರಲ್ಲ” ಎಂದ.

ಆದ್ದರಿಂದ ಕೇಳುತ್ತೇನೆ: ಆ ಜೋಡಿಯನ್ನು ಮತ್ತೆ ಕೂಡಿಸಿ. ವಿರೋಧ ಪಕ್ಷದ ಸಚೇತಕರಿಗೆ ತಾವೇ ಮೊದಲು ಫೋನ್ ಮಾಡಿ. ಮೊದಲು ಮುರಿದವರು ಯಾರೆಂದು ಆಮೇಲೆ ಜಗಳವಾಡಬಹುದು. ಆಗುವುದಿಲ್ಲವೆಂದರೆ, ಕಿಟಕಿಗೆ ಬೇರೆ ಯಾರನ್ನೂ ಕಳಿಸದೆ ತಾವೇ ಬನ್ನಿ. ಅವನು ಉಸಿರಾಡುತ್ತಿದ್ದಾನೆಯೇ ಎಂದು ಇಣುಕಿ ನೋಡುವ ಕೆಲಸವನ್ನು ಮೂರು ವಾರದಿಂದ ನಾನು ಮಾಡುತ್ತಿದ್ದೇನೆ. ಎಷ್ಟು ಹತ್ತಿರ ಬಗ್ಗಿದರೆ ಕೇಳಿಸುತ್ತದೆಂದು ತೋರಿಸಿಕೊಡುತ್ತೇನೆ.

ಇಂತಿ,
ಟೈ ಇಸ್ತ್ರಿ ಮಾಡಿಟ್ಟು, ತಮ್ಮ ಫೋನಿಗೆ ಕಿವಿಗೊಟ್ಟು ಕುಳಿತಿರುವ
ಐಲ್ಸಾ ಗಿಲ್‌ಕ್ರಿಸ್ಟ್
ಗ್ಲೆನ್‌ಹೋಮ್ (ಸದ್ಯಕ್ಕೆ ರೈಲು ಬರುವ ಊರು)