ನಿನ್ನ ಮಗ್ಗುಲಿನ ವಾಲ್ವ್

ಗ್ರೀನ್‌ಪಾಯಿಂಟ್, ಬ್ರೂಕ್ಲಿನ್
೯ ಫೆಬ್ರವರಿ ೧೯೮೬, ಭಾನುವಾರ

ಗೇನಿಯಾ,

ಕಟ್ಟಿಕೊಂಡ ಹೆಂಡತಿಗೆ ಈ ವಯಸ್ಸಿನಲ್ಲಿ ಕಾಗದ ಬರೆಯುವ ಗತಿ ತಂದಿಟ್ಟೆಯಲ್ಲ, ಸಂತೋಷವಾಯಿತೇ? ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಪೆನ್ನು ಹಿಡಿದರೆ ಬೆರಳು ಸೆಟೆದುಕೊಳ್ಳುತ್ತದೆ. ಫೋನ್ ಮಾಡಿದರೆ ನಿನ್ನ ತಂಗಿ ಬ್ರೋನಿಯಾ ಎತ್ತುತ್ತಾಳೆ. "ಅಕ್ಕ ಮಲಗಿದ್ದಾಳೆ ಭಾವ", "ಅಕ್ಕ ಚರ್ಚಿಗೆ ಹೋಗಿದ್ದಾಳೆ ಭಾವ". ಹೋದ ಸಲವಂತೂ, "ಏನಿದ್ರೂ ಕಾಗದದಲ್ಲೇ ಬರೀಬೇಕಂತೆ ಭಾವ, ಫೋನಲ್ಲಿ ನೀವು ಬರೀ ಕೂಗಾಡ್ತೀರಂತೆ" ಎಂದಳು. ನಾನು ಕೂಗಾಡಿರಲಿಲ್ಲ. ಲೈನು ಸರಿಯಿರಲಿಲ್ಲ, ಜೋರಾಗಿ ಮಾತಾಡಿದೆ, ಅಷ್ಟೆ. ಬರೆಯುವುದು ತಡವಾಯಿತು. ತಪ್ಪು ತಿಳಿಯಬೇಡ. ತಿಳಿದರೆ ತಿಳಿ.

ನಾನು ಚೆನ್ನಾಗಿದ್ದೇನೆ. ಮಂಡಿ ಹಾಗೇ ಇದೆ. ನಿನ್ನ ಜೆರೇನಿಯಂ ಗಿಡ ಬದುಕಿದೆ. ಅಡುಗೆಮನೆಯ ಸೋಫಾದ ಮೇಲೆ ಮಲಗುತ್ತೇನೆ.

"ಮಲಗೋ ಕೋಣೆ ಕಾದ ದಿನ ಬರ್ತೀನಿ" ಎಂದು ಹೇಳಿ ತಂಗಿಯ ಮನೆಗೆ ಸ್ಕ್ರ್ಯಾಂಟನ್ ಬಸ್ಸು ಹತ್ತಿದವಳು ನೀನು. ಆ ಮಾತನ್ನು ನಾನು ಬಿಟ್ಟಿಲ್ಲ. ಹೋದಾಗಿನಿಂದ ನನಗೆ ಅದೊಂದೇ ಕೆಲಸ. ಹೊರಗೆ ಹಿಮ ಬೀಳುತ್ತಿದ್ದರೆ ಮೇಲಿನ ಮನೆಯ ನಿಲ್ಸಾ ಕಿಟಕಿ ತೆಗೆದಿಟ್ಟು ತೋಳಿಲ್ಲದ ಅಂಗಿಯಲ್ಲಿ ಓಡಾಡುತ್ತಿದ್ದಳು. ನಮ್ಮ ಮುಂದಿನ ಕೋಣೆಯಲ್ಲಿ ಬೆಣ್ಣೆ ಕರಗುತ್ತಿತ್ತು. ಹಿಂದಿನ ಮಲಗುವ ಕೋಣೆಯಲ್ಲಿ ಉಗಿ ತುಂಬಿ ಕಾಯಬೇಕಾದ ಕಬ್ಬಿಣದ ರೇಡಿಯೇಟರ್ ಮಾತ್ರ ಬಾವಿಯ ಕಲ್ಲಿನ ಹಾಗೆ ತಣ್ಣಗೆ. ಒಂದೇ ಬಾಯ್ಲರ್, ಅದೇ ಉಗಿ. ಒಬ್ಬರಿಗೆ ಉರಿ, ಒಬ್ಬರಿಗೆ ಚಳಿ.

ಆಗ ಬ್ರೋನಿಯಾ ಫೋನಿನಲ್ಲಿ ಏನು ಹೇಳಿದಳು ಗೊತ್ತೇ? "ಪಕ್ಕದ ಮನೆ ತೆಯೋಫಿಲ್ ಹೇಳ್ತಿದ್ರು ಭಾವ. ಬಾಯ್ಲರ್ ಪ್ರೆಷರ್ ಇಳಿಸ್ಬೇಕಂತೆ. ಅದಕ್ಕೂ ಮೊದ್ಲು ಕೋಣೇದು ವಾಲ್ವ್ ಪೂರ್ತಿ ತೆಗೆದಿದೆಯಾ ನೋಡ್ಬೇಕಂತೆ."

"ನನ್ನ ಮಲಗೋ ಕೋಣೆ ವಿಷ್ಯ ಅವನಿಗೆ ಹೇಳಿದ್ಯಾರು?" ಎಂದೆ.

"ಅಯ್ಯೋ ಭಾವ, ಅವರು ಜೀವಮಾನವಿಡೀ ಉಗಿ ಪೈಪಿನ ಕೆಲಸ ಮಾಡಿದೋರು. ನಮ್ಮನೇನೂ ಅವರೇ ಸರಿ ಮಾಡಿಕೊಟ್ರು. ಈಗ ಮೂಲೆ ಮೂಲೆಯೂ ಬೆಚ್ಚಗಿದೆ."

ಮೂಲೆ ಮೂಲೆಯೂ ಬೆಚ್ಚಗಿದೆಯಂತೆ! ಹೆಂಡತಿ ಸತ್ತವನಿಗೆ ಪಕ್ಕದ ಮನೆಯ ಮೂಲೆಯಲ್ಲಿ ಏನು ಕೆಲಸ? ನಮ್ಮ ಮದುವೆಗೆ ಮೊದಲು ಚರ್ಚಿನ ಸಭಾಂಗಣದಲ್ಲಿ ನಿನ್ನ ಜೊತೆ ಕುಣಿದ ತೆಯೋಫಿಲ್ ಇವನೇ ಅಲ್ಲವೇ? ನಾನು ಮರೆತಿಲ್ಲ. ನಾನು ಕೋಟು ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದೆ. ನಿನ್ನ ಕೋಟು ಅದು.

ವಾಲ್ವ್ ನೋಡಬೇಕಂತೆ. ನವೆಂಬರ್ ಒಂದರ ಸರ್ವ ಸಂತರ ಹಬ್ಬದ ದಿನ ಸ್ಮಶಾನದಲ್ಲಿ ದೀಪ ಹಚ್ಚಿ ಬಂದು, ಬಾಯ್ಲರ್ ಹೊತ್ತಿಸಿ, ಮನೆಯ ಒಂದೊಂದು ವಾಲ್ವ್ ತೆರೆಯುವುದು ನನ್ನಪ್ಪನ ಕಾಲದಿಂದ ಬಂದ ಪದ್ಧತಿ. ಈ ಸಲವೂ ನಾನೇ ತೆರೆದೆ. ನೀನು ಹಿಂದೆ ಒರೆಸುವ ಬಟ್ಟೆ ಹಿಡಿದುಕೊಂಡು ಬಂದೆ. ಒಮ್ಮೆ ತೆರೆದರೆ ಈಸ್ಟರ್‌ವರೆಗೆ ಯಾರೂ ಮುಟ್ಟುವುದಿಲ್ಲ. ಅದನ್ನು ಸ್ಕ್ರ್ಯಾಂಟನ್ನಿನವನು ನನಗೆ ಕಲಿಸುತ್ತಾನೆ!

ಅವನು ಇಳಿಸು ಎಂದದ್ದಕ್ಕೆ ನಾನು ಪ್ರೆಷರ್ ಏರಿಸಿದೆ. ದೂಡಿದರೆ ಉಗಿ ಹಿಂದಿನ ಕೋಣೆಗೂ ಹೋಗದೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ಪೈಪುಗಳು ಧಡ್ ಧಡ್ ಎಂದು ಬಡಿದುಕೊಳ್ಳಲು ಶುರುಮಾಡಿದವು. ಗೋಡೆಯ ಮೇಲಿನ ದೇವಮಾತೆಯ ಪಟ ಓರೆಯಾಯಿತು. ನಿಲ್ಸಾ ಮೆಟ್ಟಿಲ ಮೇಲಿಂದ, "ಏನ್ ಯಜಮಾನ್ರೇ, ಕೆಳಗೆ ಕುಲುಮೆ ಇಟ್ಟಿದ್ದೀರಾ? ಕುದುರೆ ಲಾಳ ಬೇಕಾದ್ರೆ ನಿಮ್ಮ ಹತ್ರಾನೇ ಬರ್ತೀನಿ" ಎಂದಳು. "ಮೊದ್ಲು ನಿನ್ನ ಕಿಟಕಿ ಮುಚ್ಚು, ನನ್ನ ಬಾಯ್ಲರ್ ಎಣ್ಣೆ ಬೀದಿಗೆ ಹೋಗ್ತಿದೆ" ಎಂದೆ. "ಮುಚ್ಚಿದ್ರೆ ನಾನು ಬೆಂದು ಹೋಗ್ತೀನಿ. ಅಮ್ಮಾವ್ರು ಯಾವಾಗ ಬರ್ತಾರೆ? ನಿಮಗೆ ಮೂಗುದಾರ ಹಾಕೋರು ಇಲ್ದೆ ಹೀಗಾಗಿದೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಹೋಗಲಿ. ಪ್ರೆಷರ್ ಇಳಿಸಿದೆ. ತೆಯೋಫಿಲ್ ಹೇಳಿದ ಎಂದಲ್ಲ, ಶಬ್ದ ತಾಳಲಾರದೆ. ಇಳಿಸಿದ ಮೇಲೆ ಬಡಿತ ನಿಂತಿತು. ಇದನ್ನು ನೀನು ಅವನಿಗೆ ಹೇಳಬೇಕಾಗಿಲ್ಲ.

ಆಮೇಲೆ ನೆಲಮಾಳಿಗೆಗೆ ಇಳಿದು ದೊಡ್ಡ ಪೈಪಿನ ಗುಂಟ ಕೊನೆಯವರೆಗೆ ಹೋದೆ. ಅಲ್ಲಿ ಗಾಳಿ ಬಿಡುವ ವೆಂಟ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪೈಪಿನಲ್ಲಿ ತುಂಬಿದ ಗಾಳಿ ಹೊರಗೆ ಹೋಗದಿದ್ದರೆ ಉಗಿ ಮುಂದೆ ಬರುವುದಿಲ್ಲ. ಹತ್ತಿರದವರಿಗೆ, ಮೇಲಿನವರಿಗೆ ಸಿಕ್ಕಿ ಅಲ್ಲೇ ಮುಗಿಯುತ್ತದೆ. ಹೊಸದು ಹಾಕಿದೆ. ಪೈಪು ಹಾಲು ಕರೆದ ಹಸುವಿನ ಹಾಗೆ ಉದ್ದಕ್ಕೆ ಉಸಿರು ಬಿಟ್ಟಿತು. ಮನೆಯೆಲ್ಲ ಒಂದೇ ಸಮ ಕಾಯಿತು. ನಿಲ್ಸಾ ಕಿಟಕಿ ಮುಚ್ಚಿ, "ಯಜಮಾನ್ರೇ, ಇದೇನ್ ಪವಾಡ!" ಎಂದು ಒಂದು ತಟ್ಟೆ ಅನ್ನ, ಅಲಸಂದೆ ಕಳಿಸಿದಳು. ತಿಂದೆ. ಖಾರ.

ಮಲಗುವ ಕೋಣೆ ಮಾತ್ರ ಕಾಯಲಿಲ್ಲ. ರೇಡಿಯೇಟರ್ ಮಂಚದ ತಲೆಯ ಹಿಂದೆ ಆ ಮಗ್ಗುಲಿನಿಂದ ಈ ಮಗ್ಗುಲಿನವರೆಗೆ ಇದೆಯಲ್ಲ. ನನ್ನ ಮಗ್ಗುಲಿನ ತುದಿಯಲ್ಲಿ ಅದರ ಸಣ್ಣ ವೆಂಟ್ ಇದೆ. ಅದನ್ನೂ ಬದಲಿಸಿದೆ. ಉಗಿ ತಣಿದ ನೀರು ನಿನ್ನ ಮಗ್ಗುಲಿನ ವಾಲ್ವಿನ ಕಡೆಗೆ ಹರಿದು ವಾಪಸು ಹೋಗಲಿ ಎಂದು ನನ್ನ ಕಡೆಯ ರೇಡಿಯೇಟರ್ ಕಾಲಿಗೆ ಮರದ ಚಕ್ಕೆ ಕೊಟ್ಟು ಎತ್ತಿದೆ. ಏನೂ ಆಗಲಿಲ್ಲ.

ಉಪವಾಸ ಕಾಲಕ್ಕೆ ಮುಂಚಿನ ಕೊಬ್ಬಿನ ಗುರುವಾರ ಡೋನಟ್ ತಂದು ಆ ರೇಡಿಯೇಟರ್ ಎದುರಿಗೇ ಕೂತು ತಿಂದೆ. ಬ್ರೋನಿಯಾ ಅಂದೂ ಫೋನಿನಲ್ಲಿ, "ತೆಯೋಫಿಲ್ ಗುಲಾಬಿ ಜಾಮ್ ತುಂಬಿದ ಡೋನಟ್ ಒಂದು ಡಬ್ಬ ತಂದಿದ್ರು ಭಾವ. ಅಕ್ಕ ಮೂರು ತಿಂದ್ಳು!" ಎಂದಳು. ಮೂರು! ಇಲ್ಲಿ ಒಂದನ್ನು ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿ, "ಎದೆ ಉರಿಯುತ್ತೆ" ಎನ್ನುತ್ತಿದ್ದವಳು. ಅಲ್ಲಿ ಎದೆ ಉರಿಯುವುದಿಲ್ಲವೇ? ಅದನ್ನೂ ಅವನೇ ರಿಪೇರಿ ಮಾಡಿದನೇ?

ನಾಳೆ ಈ ಹಳೇ ರೇಡಿಯೇಟರನ್ನು ಕಿತ್ತು ಹೊಸದು ಕೂರಿಸುತ್ತೇನೆ. ಮಾತು ಮಾತೇ. ಕೋಣೆ ಕಾಯುತ್ತದೆ, ನೀನು ಬರುತ್ತೀ.

ದೇವಮಾತೆ ನಿನ್ನನ್ನು ಕಾಯಲಿ. ಬ್ರೋನಿಯಾಳನ್ನೂ ಕಾಯಲಿ. ತೆಯೋಫಿಲ್ ತನ್ನನ್ನು ತಾನೇ ಕಾಯಿಸಿಕೊಳ್ಳಬಲ್ಲ.

ಇನ್ನೂ ನಿನ್ನ ಗಂಡ,
ಲುದ್ವಿಕ್

ಮರೆತಿದ್ದಲ್ಲ, ಈಗ ಕಂಡದ್ದು: ಸೋಮವಾರ ಬೆಳಿಗ್ಗೆ. ರೇಡಿಯೇಟರ್ ಕೀಳಬೇಕೆಂದು ನಿನ್ನ ಮಗ್ಗುಲಿನ ಕಡೆಗೆ ಹೋದೆ. ನೀನು ಹೋದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ನಿನ್ನ ಚಪ್ಪಲಿ ಹೇಗಿತ್ತೋ ಹಾಗೇ ಇದೆ. ಬಗ್ಗಿ ನೋಡಿದರೆ ವಾಲ್ವ್ ಬಿಗಿಯಾಗಿ ಮುಚ್ಚಿತ್ತು. ಕೈ ಸುಡದಿರಲಿ ಎಂದು ಹಿಡಿಗೆ ಯಾರೋ ಉಣ್ಣೆ ಸುತ್ತಿದ್ದಾರೆ. ಹಸಿರು ಉಣ್ಣೆ, ನಿಲ್ಸಾ ಕ್ರಿಸ್‌ಮಸ್‌ಗೆ ನಿನಗೆ ಕೊಟ್ಟದ್ದು. ನಾನು ತೆರೆದದ್ದು ನವೆಂಬರ್‌ನಲ್ಲಿ, ಆಗ ಈ ಉಣ್ಣೆ ನಮ್ಮ ಮನೆಯಲ್ಲೇ ಇರಲಿಲ್ಲ.

ತೆರೆದೆ. ಉಗಿ ಬಂತು. ಕೋಣೆ ಈಗ ಒಲೆಯ ಹಾಗೆ ಕಾದಿದೆ. ನಾನು ನಿನ್ನ ಮಗ್ಗುಲಲ್ಲೇ ಕೂತು ಬರೆಯುತ್ತಿದ್ದೇನೆ.

ಚಳಿ ಚಳಿ ಎಂದು ನಡುಗಿದವಳು ನೀನೇ, ಮುಚ್ಚಿದವಳೂ ನೀನೇ. ಮೊದಲು ವಾಲ್ವ್ ನೋಡು ಎಂದು ತೆಯೋಫಿಲ್ ಹೇಳಿದ. ಕೆಲಸ ಬಲ್ಲವನಾಗಿ ಹೇಳಿದನೋ, ನೀನು ಹೇಳಿದ್ದರಿಂದ ಗೊತ್ತಿತ್ತೋ? ಅದೊಂದನ್ನು ಬರೆ. ಬ್ರೋನಿಯಾಳ ಬಾಯಲ್ಲಿ ಬೇಡ, ನಿನ್ನ ಕೈಯಲ್ಲಿ ಬೇಕು. ಫೆಬ್ರವರಿ ಇಪ್ಪತ್ತೆರಡು, ಶನಿವಾರದೊಳಗೆ ಉತ್ತರ ಬರಬೇಕು.