ವಿಚಾರಣೆಯಲ್ಲಿ ನಿನ್ನ ಹೆಸರು

ಅಕ್ಕಾ,

ಕೆಲಸಕ್ಕೆ ಸೇರಿದ ದಿನವೇ "ಮೇಡಂ ಗೀಡಂ ಬೇಡ, ಅಕ್ಕಾ ಅನ್ನು" ಎಂದವಳು ನೀನು. ಐದು ವರ್ಷ ಒಂದೇ ಡಬ್ಬಿಯಲ್ಲಿ ಉಂಡೆವು. ಈ ಕಾಗದವನ್ನು ಕಳಿಸುವುದಿಲ್ಲ. ಕಳಿಸಿದರೂ ನೀನು ಓದುವವಳಲ್ಲ.

ಇವತ್ತು ವಿಚಾರಣೆ ಇತ್ತು. ರೋಗಿಯ ನರಕ್ಕೆ ಹನಿಹನಿಯಾಗಿ ಔಷಧಿ ಬಿಡುವ, ನಾವು ಪ್ರೋಗ್ರಾಂ ಬರೆದುಕೊಟ್ಟ ಪಂಪು ಆಸ್ಪತ್ರೆಯಲ್ಲಿ ಒಬ್ಬ ಟೀಚರಿಗೆ ಹತ್ತು ಪಟ್ಟು ಔಷಧಿ ಹರಿಸಿ ಕೊಂದಿತಲ್ಲ, ಅದರದ್ದು. ನೀನು ಬರಲಿಲ್ಲ. ನಿನ್ನ ವಕೀಲರು ಬಂದು, ತಪ್ಪೆಲ್ಲ ಪರೀಕ್ಷೆ ಮಾಡಿದವಳದ್ದು, ಅಂದರೆ ನನ್ನದು ಎಂದರು. ಅದಕ್ಕೇ ಕಾದಿದ್ದೆ. ಪಂಪು ಆಸ್ಪತ್ರೆಗೆ ಹೋಗುವ ಮೂರು ದಿನ ಮೊದಲು ಆ ದೋಷವನ್ನು ತೋರಿಸಿ ನಾನು ಬರೆದ ಮೇಲ್, "ಬಾಯ್ಮುಚ್ಕೊಂಡು ಪಾಸ್ ಅಂತ ಹಾಕು" ಎಂಬ ನಿನ್ನ ಉತ್ತರ, ಎರಡನ್ನೂ ಮೇಜಿನ ಮೇಲಿಟ್ಟೆ. ನಿನ್ನ ಹೆಸರನ್ನು ಗಟ್ಟಿಯಾಗಿ ಎರಡು ಸಲ ಓದಿದೆ. ವಕೀಲರು ಇಂಗು ತಿಂದ ಮಂಗನಂತಾದರು. ಇನ್ನು ನಿನ್ನನ್ನು ಯಾವ ಆಫೀಸೂ ಹೊಸಿಲು ದಾಟಲು ಬಿಡುವುದಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು.

ಹೊರಗೆ ಬರುವಾಗ ಬಾಗಿಲಲ್ಲಿ ಟೀಚರ ಗಂಡ ನಿಂತಿದ್ದರು. ಉಪಕಾರವಾಯಿತು ಎನ್ನುತ್ತಾರೆಂದುಕೊಂಡೆ.

"ಆ ಮೇಲ್ ಬರೆದಿದ್ದು ನೀವೇನಮ್ಮ?"

"ಹೌದು ಸರ್. ನಾನು ಮೊದಲೇ ಹೇಳಿದ್ದೆ."

"ಮತ್ತೆ ಅವರು ಪಾಸ್ ಅಂತ ಹಾಕು ಅಂದ್ರಲ್ಲ. ಹಾಕಿದ್ದು ಯಾರು?"

ಅದಕ್ಕೂ ನಿನ್ನ ಹೆಸರನ್ನೇ ಹೇಳೋಣವೆಂದು ಬಾಯಿ ತೆರೆದೆ. ಅವರು ಏನೂ ಅವಸರವಿಲ್ಲದವರಂತೆ ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು.