ಸಬೀನಾ ಹೆಸರಿನ ಟಿಕೆಟ್ಟು

ಕೀಲ್, ಅಕಿಲ್ ದ್ವೀಪ
ಮೇಯೋ, ಐರ್ಲೆಂಡ್
೨೪ ಮಾರ್ಚ್ ೧೯೭೪, ಭಾನುವಾರ

ಪ್ರೀತಿಯ ಡೊರೀನ್,

ನಿನ್ನ ದಪ್ಪ ಲಕೋಟೆ ಬಂದು ವಾರವಾಯಿತು. ಅಂಚೆಯವನು "ಕ್ಲೀವ್‌ಲೆಂಡಿಂದ ಬಂದಿದೆ ವಿನಿ, ಭಾರವಾಗೇ ಇದೆಯಲ್ಲ!" ಎಂದು ಹೇಳಿ, ನಾನು ಒಡೆಯಲಿ ಎಂದು ಬಾಗಿಲಲ್ಲೇ ಕಾದು ನಿಂತ. ನಾನು ಒಡೆಯಲಿಲ್ಲ. ಆದರೇನು, ನನಗೆ ಅಮೆರಿಕದಿಂದ ವಿಮಾನದ ಟಿಕೆಟ್ ಬಂದಿದೆ ಎಂಬ ಸುದ್ದಿ ಸಂಜೆ ನಾನು ಅಂಗಡಿಗೆ ಹೋಗುವ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಈ ಊರಿಗೆ ಹೇಗೆ ಎಲ್ಲ ಗೊತ್ತಾಗುತ್ತದೋ ದೇವರೇ ಬಲ್ಲ.

ಮೊದಲು ನಿನ್ನ ಪ್ರಶ್ನೆಗೆ ಬರುತ್ತೇನೆ. ನ್ಯೂಯಾರ್ಕಿಗೆ ಬಂದ ಹಡಗುಗಳ ಪ್ರಯಾಣಿಕರ ಪಟ್ಟಿಗಳನ್ನು ಇಡೀ ಚಳಿಗಾಲ ಕೂತು ಜಾಲಾಡಿದರೂ ನಿನ್ನ ಅಮ್ಮ ಡೀಲಿಯಾ ಲವೆಲ್ ಎಲ್ಲೂ ಸಿಗಲಿಲ್ಲ, ೧೯೦೯ರ ಒಂದು ಹಡಗಿನಲ್ಲಿ ನನ್ನ ಅಮ್ಮ ಸಬೀನಾ ಲವೆಲ್ ಸಿಕ್ಕಳು ಎಂದು ಬರೆದಿದ್ದೀಯ. ದೊಡ್ಡಮ್ಮ ಅಮೆರಿಕಕ್ಕೆ ಬಂದವರು ಯಾಕೆ ವಾಪಸ್ ಹೋದರು ಎಂದು ಕೇಳಿದ್ದೀಯ. ಅಯ್ಯೋ ಮಾರಾಯ್ತಿ, ಅಮ್ಮ ಬಂದಿದ್ದರೆ ತಾನೇ ವಾಪಸ್ ಹೋಗುವುದು? ಅಮೆರಿಕದ ಮಾತು ಹಾಗಿರಲಿ, ಅವಳು ಹತ್ತಿರದ ಪೇಟೆ ವೆಸ್ಟ್‌ಪೋರ್ಟ್ ದಾಟಿದ್ದೇ ಅಪರೂಪ. ಆ ಹಡಗಿನಲ್ಲಿ ಬಂದವಳು ನಿನ್ನ ಅಮ್ಮ.

ನೀನು ಹೆಸರು ಹಿಡಿದು ಹುಡುಕಿದೆ, ಅಲ್ಲೇ ಎಡವಿದ್ದು. ಆಗೆಲ್ಲ ಮೊದಲು ಹೋದ ಅಕ್ಕ ಊರಲ್ಲಿ ಉಳಿದ ತಂಗಿಯ ಹೆಸರಿಗೆ ಟಿಕೆಟ್ ಕೊಂಡು ಕಳಿಸುತ್ತಿದ್ದಳು. ಆ ತಂಗಿಗೆ ಜ್ವರ ಬಂತೋ, ಮದುವೆ ಗೊತ್ತಾಯಿತೋ, ಅವಳ ಹೆಸರಿನಲ್ಲಿ ಇನ್ನೊಬ್ಬಳು ಹೊರಡುತ್ತಿದ್ದಳು. ಟಿಕೆಟ್ ಹಾಳಾಗಬಾರದು, ಅಷ್ಟೇ. ನಮ್ಮ ಮನೆಯಲ್ಲಿ ಆದದ್ದು ಮಾತ್ರ ಜ್ವರವೂ ಅಲ್ಲ, ಮದುವೆಯೂ ಅಲ್ಲ. ಚಿಕ್ಕಮ್ಮ ಅದನ್ನು ನಿನಗೆ ಹೇಳದೆ ತೀರಿಕೊಂಡಳು ಎಂದರೆ ನನಗೆ ಆಶ್ಚರ್ಯವಿಲ್ಲ.

ಹೊರಡುವ ಹಿಂದಿನ ರಾತ್ರಿ ಇಲ್ಲಿ ಹೆಣ ಕಾಯುವ ಹಾಗೆಯೇ ಜಾಗರಣೆ ಮಾಡುತ್ತಿದ್ದರು. ಹೋದವರು ತಿರುಗಿ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತಲ್ಲ. ಕುಣಿತ, ಚಹಾ, ವಿಸ್ಕಿ, ಬೆಳಕು ಹರಿಯುವಾಗ ಹೆಂಗಸರ ಗೋಳಾಟ. ಮೊದಲೇ ಹೋಗಿದ್ದ ಅಕ್ಕ ಟಿಕೆಟ್ ಕಳಿಸಿದ್ದು ಅಮ್ಮನಿಗೆ; ಅವಳಿಗಾಗಿ ಊರಿಗೆ ಊರೇ ಅತ್ತಿತು. ಬೆಳಿಗ್ಗೆ ಗಾಡಿ ಬಂದಾಗ ಅಜ್ಜಿ ಹೊಸ್ತಿಲಲ್ಲೇ ಕುಸಿದುಬಿದ್ದಳು. ಅಮ್ಮ ತನ್ನ ಹೊಸ ಕೋಟು ಬಿಚ್ಚಿ ತಂಗಿಯ ಕೈಗೆ ಕೊಟ್ಟು, ಅಜ್ಜಿಯನ್ನು ಎತ್ತಿ ಒಳಗೆ ಮಲಗಿಸಿ, ನೀರು ಕುಡಿಸಿ ಹೊರಗೆ ಬಂದರೆ ಗಾಡಿಯಿಲ್ಲ. ಕೋಟೂ ಇಲ್ಲ, ಕೋಟಿನ ಜೇಬಿನಲ್ಲಿದ್ದ ಟಿಕೆಟ್ಟೂ ಇಲ್ಲ, ಡೀಲಿಯಾಳೂ ಇಲ್ಲ. ಇದು ಅಮ್ಮ ನನಗೆ ಹೇಳಿದ್ದು.

ನಿನ್ನ ಅಮ್ಮನನ್ನು ಬಯ್ಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಹದಿನಾರರ ಹುಡುಗಿ, ಎದುರಿಗೆ ಗಾಡಿ. ನಾನಾಗಿದ್ದರೂ ಹತ್ತಿಬಿಡುತ್ತಿದ್ದೆ ಎಂದು ಬರೆಯಲು ಹೊರಟೆ, ಪೆನ್ನು ನಿಂತಿತು.

ಉಳಿದವಳ ಗತಿ ಕೇಳು. ಊರು ಅತ್ತು ಕಳಿಸಿಕೊಟ್ಟವಳು ಮಾರನೆಯ ದಿನ ಬಾವಿಕಟ್ಟೆಯಲ್ಲಿ ನಿಂತಿದ್ದರೆ ಜನ ಬಿಡುತ್ತಾರೆಯೇ? "ಏನ್ ಸಬೀನಾ, ಅಮೆರಿಕದಿಂದ ಯಾವಾಗ್ ಬಂದ್ಯವ್ವ? ಅಲ್ಲಿ ಆಲೂಗಡ್ಡೆ ಚೆನ್ನಾಗಿ ಬೆಳೆಯುತ್ತಾ?" ಅವತ್ತಿನಿಂದ ಅವಳಿಗೆ, ಅಮೆರಿಕದವಳು ಎಂಬಂತೆ, ಯಾಂಕ್ ಎಂದೇ ಹೆಸರು. ನಾನು ಶಾಲೆಗೆ ಹೋದರೆ ಯಾಂಕ್ ಮಗಳು. ಚಿಕ್ಕಮ್ಮ ಕಳಿಸುತ್ತಿದ್ದ ಬಟ್ಟೆಯ ಗಂಟುಗಳನ್ನು ಅಮ್ಮ ಬೆರಳಲ್ಲೂ ಮುಟ್ಟುತ್ತಿರಲಿಲ್ಲ. ಕ್ಲೀವ್‌ಲೆಂಡಿನ ಹೂವಿನ ಫ್ರಾಕು ತೊಟ್ಟು ಹಟ್ಟಿಯಲ್ಲಿ ಸಗಣಿ ಬಾಚಿದವಳು ನಾನು.

ಈಗ ಈ ಟಿಕೆಟ್ಟಿನ ವಿಷಯ. ಮೇ ಎಂಟಕ್ಕೆ ಶಾನನ್‌ನಿಂದ ವಿಮಾನ, ನಿನ್ನ ಮನೆಯಲ್ಲಿ ನನಗೊಂದು ಕೋಣೆ, ಬೇಕೆಂದರೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಓದಿ ಓದಿ ಕಾಗದ ಮಡಿಕೆಯಲ್ಲಿ ಹರಿಯುತ್ತಾ ಬಂದಿದೆ. ಆದರೆ ನಾನು ಹೇಗೆ ಬರಲಿ? ಅಮ್ಮನಿಗೆ ಎಂಬತ್ತಮೂರು, ಹಾಸಿಗೆ ಹಿಡಿದಿದ್ದಾಳೆ. ಚಹಾ ಬೇಕೆಂದರೆ ಕೋಲಿನಿಂದ ಗೋಡೆಗೆ ಬಡಿಯುತ್ತಾಳೆ, ಬೇಡವೆಂದರೂ ಬಡಿಯುತ್ತಾಳೆ. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರೂ ಆ ಸದ್ದು ನನ್ನ ಕಿವಿಯಲ್ಲೇ ಇರುತ್ತದೆ. ನನ್ನ ತಮ್ಮ ಪ್ಯಾಕಿ ಹೆಂಡತಿಯೊಡನೆ ಪಕ್ಕದ ಮನೆಯಲ್ಲೇ ಇದ್ದಾನೆ. ಭಾನುವಾರ ಪೂಜೆ ಮುಗಿಸಿ ಬಂದು ಒಲೆಗೆ ಬೆನ್ನು ಕಾಯಿಸುತ್ತಾ, "ನೀನಿದೀಯಲ್ಲ ವಿನಿ, ನಮಗೇನ್ ಚಿಂತೆ!" ಎನ್ನುತ್ತಾನೆ. ಆ ಮಾತು ಕೇಳಿದಾಗಲೆಲ್ಲ ಕೈಯಲ್ಲಿರುವ ಪಾತ್ರೆಯನ್ನು ಅವನ ತಲೆಗೇ ಎಸೆಯಬೇಕು ಅನ್ನಿಸುತ್ತದೆ. ಉಸಿರು ಕಟ್ಟುತ್ತದೆ ಡೊರೀನ್. ನನಗೆ ನಲವತ್ತನಾಲ್ಕು. ಈ ಅಡುಗೆಮನೆಯ ಕಿಟಕಿಯಿಂದ ಕಾಣುವ ಸಮುದ್ರ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನೀನು ಕಳಿಸಿದ ಪಟ್ಟಿಯ ಪುಟವನ್ನು ಅಮ್ಮನಿಗೆ ಓದಿ ಹೇಳಿದೆ. ಸಬೀನಾ ಲವೆಲ್, ಹದಿನೆಂಟು ವರ್ಷ, ಮದುವೆಯಾಗಿಲ್ಲ, ಓದಲು ಬರೆಯಲು ಬರುತ್ತದೆ, ಟಿಕೆಟ್ ಕೊಟ್ಟವರು ಅಕ್ಕ. ಎತ್ತರ ಐದಡಿ ಒಂದಿಂಚು, ಕೂದಲು ಕೆಂಪು. ಅಮ್ಮ ತಲೆ ಎತ್ತಿದಳು. "ಐದಡಿ ಒಂದಿಂಚಾ? ಆ ಕುಳ್ಳಿ ಡೀಲಿಯಾನೇ ಅದು. ನಾನ್ ಅವಳಿಗಿಂತ ಒಂದು ತಲೆ ಎತ್ತರ ಇದ್ದೆ. ನನ್ನ ಕೂದಲು ಯಾವತ್ತೇ ಕೆಂಪಗಿತ್ತು?" ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದವಳು ಮಾತೇ ಆಡಲಿಲ್ಲ.

ಹೀಗಿರುವವಳನ್ನು ಬಿಟ್ಟು ಬರಲಾರೆ. ಅವಳೂ ಬಿಡುವವಳಲ್ಲ. ಬೇಸರ ಮಾಡಿಕೊಳ್ಳಬೇಡ, ಟಿಕೆಟ್ಟನ್ನು ಈ ಕಾಗದದ ಜೊತೆಗೇ ವಾಪಸ್ ಕಳಿಸುತ್ತಿದ್ದೇನೆ. ನಿನ್ನ ಒಳ್ಳೆಯ ಮನಸ್ಸನ್ನು ಮರೆಯುವುದಿಲ್ಲ.

ಎಂದೂ ಕಾಣದಿದ್ದರೂ ನಿನ್ನವಳೇ ಆದ ಅಕ್ಕ,
ವಿನಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಅಮ್ಮ ಗೋಡೆಯ ಕಡೆ ತಿರುಗಿದ್ದು ನಿಜ, ಮಾತಾಡಲಿಲ್ಲ ಎನ್ನುವುದು ಸುಳ್ಳು. "ಹೋಗೇ," ಎಂದಳು. "ಪ್ಯಾಕಿ ಹೆಂಡ್ತಿ ನೋಡ್ಕೋತಾಳೆ, ಅವಳಿಗೇನ್ ಬಂದಿದೆ ರೋಗ?" ನಿನ್ನನ್ನು ಬಿಟ್ಟು ಹೇಗಮ್ಮ ಹೋಗಲಿ ಎಂದೆ. ಅದಕ್ಕೆ ಹೇಳಿದಳು: "ನಾನೂ ಹಾಗೇ ಹೇಳ್ಕೊಂಡು ಬಂದೆ. ಡೀಲಿಯಾ ಕದ್ದು ಹೋಗಲಿಲ್ಲ ಕಣೆ. ನಾನು ಹೊರಗೆ ಬಂದಾಗ ಗಾಡಿ ತಿರುವಿನಲ್ಲೇ ನಿಂತಿತ್ತು. 'ಬರ್ತೀಯೇನೇ?' ಅಂತ ಅವಳು ಕೂಗಿದ್ದು ನಂಗೆ ಕೇಳಿಸ್ತು. ಹೆದರಿಕೆಯಾಯ್ತು. ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ."

ಲಕೋಟೆಯಲ್ಲಿ ಟಿಕೆಟ್ ಹುಡುಕಬೇಡ, ತೆಗೆದಿಟ್ಟುಕೊಂಡಿದ್ದೇನೆ. ನನಗೂ ಹೆದರಿಕೆಯಾಗುತ್ತಿದೆ ಡೊರೀನ್. ಆದರೂ ಮೇ ಎಂಟಕ್ಕೆ ವಿಮಾನ ನಿಲ್ದಾಣಕ್ಕೆ ಬಾ.